ಬೇರೆ ಸಭೆಯ ವಿಶ್ವಾಸಿಯನ್ನು ತಿದ್ದಬಹುದಾ? ತಿದ್ದುವುದಾದರೆ ಎಲ್ಲಿ, ಹೇಗೆ?

ಶಿರಾಗೇಟ್_ಸಿಎಸ್‌ಐ | ತುಮಕೂರು

ಎಲ್ಲರಿಗೂ ವಂದನೆಗಳು. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಪೂರ್ತಿ ಓದಿ ಉತ್ತರಿಸಿ.

ನಮ್ಮ ಕಡೆ ಕ್ರೈಸ್ತರ ಒಂದು ಮನೆ ಎಂದರೆ ಒಂದೇ ಸಭೆ (ಪಂಗಡ) ಎಂದು ಹೇಳಲಾಗದು. ನಾವು ಸಿಎಸ್‌ಐ (ದಕ್ಷಿಣ ಭಾರತ ಸಭೆ). ನನ್ನ ಹೆಂಡತಿಯ ತವರು ಕ್ಯಾಥೊಲಿಕ್. ಷಡ್ಡಕ ಪೆಂಟೆಕೋಸ್ಟ್ ಸಭೆಗೆ ಹೋಗುತ್ತಾರೆ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು ಶೇ 1.87. ನೂರಕ್ಕೆ ಇಬ್ಬರೂ ಇಲ್ಲ. ಇಷ್ಟು ಕಡಿಮೆ ಜನ ಇರುವಾಗ ಮದುವೆ, ಸಾವು, ಹಬ್ಬ ಎಲ್ಲವೂ ಸಭೆಯ ಗೆರೆ ದಾಟಿಯೇ ನಡೆಯುತ್ತವೆ. ಜಗಳವೂ ಹಾಗೆಯೇ.

ಈಚೆಗೆ ನಮ್ಮ ಬಳಗದಲ್ಲಿ ಒಬ್ಬ ಅಜ್ಜಿ ತೀರಿಕೊಂಡರು. ಕ್ಯಾಥೊಲಿಕ್ ಮನೆ. ಹೆಂಗಸರು ಶವದ ಸುತ್ತ ಕೂತು ಅಜ್ಜಿಯ ಆತ್ಮಕ್ಕಾಗಿ ಜಪಸರ (ರೋಸರಿ ಪ್ರಾರ್ಥನೆ) ಹೇಳುತ್ತಿದ್ದರು. ಬೇರೆ ಸಭೆಯ ಒಬ್ಬ ಯುವಕ ಎದ್ದು ನಿಂತ. ಸತ್ತವರಿಗಾಗಿ ಪ್ರಾರ್ಥಿಸುವುದು ವಾಕ್ಯದಲ್ಲಿಲ್ಲ, ನಿಲ್ಲಿಸಿ ಎಂದ. ಮನುಷ್ಯರು ಒಂದೇ ಸಾರಿ ಸಾಯುವರು, ಆಮೇಲೆ ನ್ಯಾಯತೀರ್ಪು ಎನ್ನುವ ಇಬ್ರಿಯರಿಗೆ 9:27 ತೆಗೆದು ಜೋರಾಗಿ ಓದಿದ. ಅಜ್ಜಿಯ ಮಗಳು ಒಂದು ಮಾತೂ ಆಡದೆ ಎದ್ದು ಒಳಗೆ ಹೋದರು. ಅವತ್ತಿನಿಂದ ಎರಡೂ ಮನೆಗಳ ನಡುವೆ ಮಾತಿಲ್ಲ.

ನನಗೂ ಸತ್ತವರಿಗಾಗಿ ಪ್ರಾರ್ಥಿಸುವುದರಲ್ಲಿ ನಂಬಿಕೆ ಇಲ್ಲ. ಬೋಧನೆಯ ಮಟ್ಟಿಗೆ ನಾನು ಆ ಹುಡುಗನ ಪಕ್ಕದಲ್ಲೇ ನಿಲ್ಲುತ್ತೇನೆ. ಆದರೂ ಅವನು ಮಾಡಿದ್ದು ತಪ್ಪು ಎಂದು ಖಂಡಿತವಾಗಿ ಹೇಳುತ್ತೇನೆ. ಸಮಯ ಸರಿ ಇರಲಿಲ್ಲ ಎಂಬ ಕಾರಣಕ್ಕೆ ಮಾತ್ರ ಅಲ್ಲ.

ಅಪೊಸ್ತಲರ ಕೃತ್ಯಗಳು 18ರಲ್ಲಿ ಅಪೊಲ್ಲೋಸನ ವಿಷಯ ಬರುತ್ತದೆ. ಒಳ್ಳೆಯ ಮಾತುಗಾರ, ಶಾಸ್ತ್ರ ಬಲ್ಲವನು. ಆದರೆ ಯೋಹಾನನ ದೀಕ್ಷಾಸ್ನಾನ ಬಿಟ್ಟು ಬೇರೆ ಗೊತ್ತಿರಲಿಲ್ಲ. ಅವನು ಎಫೆಸದ ಸಭಾಮಂದಿರದಲ್ಲಿ ಮಾತಾಡಿದ್ದನ್ನು ಪ್ರಿಸ್ಕಿಲ್ಲ ಮತ್ತು ಅಕ್ವಿಲ ಕೂತು ಕೇಳಿದರು. ನಡುವೆ ಎದ್ದು ತಡೆಯಲಿಲ್ಲ. ಅವನನ್ನು ತಮ್ಮ ಹತ್ತಿರಕ್ಕೆ ಕರೆದುಕೊಂಡು ದೇವರ ಮಾರ್ಗವನ್ನು ಇನ್ನೂ ಸರಿಯಾಗಿ ತಿಳಿಸಿಕೊಟ್ಟರು. ಅವನ ಸೇವೆಗೆ ಕುಂದು ಬರಲಿಲ್ಲ. ಅವನು ಅಖಾಯಕ್ಕೆ ಹೊರಟಾಗ, ಇವನನ್ನು ಸೇರಿಸಿಕೊಳ್ಳಿ ಎಂದು ಸಹೋದರರೇ ಪತ್ರ ಬರೆದುಕೊಟ್ಟರು.

ಹೀಗೆ ತಿದ್ದುವುದು ನಮ್ಮ ಸಭೆಗಳ ನಡುವೆ ಸಾಧ್ಯವಾ? ಅಥವಾ ಅವರವರ ಪಾಡಿಗೆ ಬಿಟ್ಟುಬಿಡುವುದೇ ಸರಿಯಾ? ಎಲ್ಲ ಸಭೆಯವರೂ ಹೇಳಿ.

ಬಂಗಾರಪೇಟೆ_ವಿಶ್ವಾಸಿ | ಕೋಲಾರ ಜಿಲ್ಲೆ

ಅಣ್ಣ, ಸ್ತೋತ್ರ. ನಾನು ಪೆಂಟೆಕೋಸ್ಟ್ ಸಭೆಯವನು. ಸಾವಿನ ಮನೆಯಲ್ಲಿ ಆ ತಮ್ಮ ಹಾಗೆ ಮಾಡಬಾರದಿತ್ತು. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಆದರೆ ನಿಮ್ಮ ಮಾತಿನಲ್ಲಿ ನನಗೆ ಒಂದು ಭಯ ಕಾಣುತ್ತದೆ. ಮೆತ್ತಗೆ ಹೇಳಬೇಕು, ಒಳಗೆ ಕರೆದು ಹೇಳಬೇಕು, ಸಮಯ ನೋಡಿ ಹೇಳಬೇಕು ಎನ್ನುತ್ತಾ ಎನ್ನುತ್ತಾ ಕೊನೆಗೆ ಯಾರೂ ಹೇಳುವುದೇ ಇಲ್ಲ. ಯೆಹೆಜ್ಕೇಲ 33ರಲ್ಲಿ ಕಾವಲುಗಾರ ಕತ್ತಿ ಬರುವುದನ್ನು ನೋಡಿಯೂ ತುತ್ತೂರಿ ಊದದೆ ಇದ್ದರೆ ರಕ್ತದ ಹೊಣೆ ಅವನ ಮೇಲೆಯೇ ಇದೆ. ಒಬ್ಬರು ಅಪಾಯದಲ್ಲಿದ್ದಾರೆ ಎಂದು ನಾನು ನಿಜವಾಗಿ ನಂಬಿದ್ದರೆ ಸುಮ್ನೆ ಇರುವುದು ಪ್ರೀತಿಯಾ?

ಪೌಲ ಅಂತಿಯೋಕ್ಯದಲ್ಲಿ ಪೇತ್ರನನ್ನು ಎಲ್ಲರ ಮುಂದೆಯೇ ಎದುರಿಸಿದ. ಗಲಾತ್ಯ 2:14 ನೋಡಿ. ಒಳಗೆ ಕರೆದುಕೊಂಡು ಹೋಗಲಿಲ್ಲ.

ಇನ್ನೊಂದು ಮಾತು. ನಮ್ಮನ್ನು ತಿದ್ದುವವರ ಬಗ್ಗೆ ಯಾರೂ ಮಾತಾಡುವುದಿಲ್ಲ. ಅಂಗಡಿ ಮೇಲಿನ ಹಾಲ್‌ನಲ್ಲಿ ಸೇರುವವರು, ಹಲ್ಲೆಲೂಯ ಪಾರ್ಟಿ, ಬೈಬಲ್ ಕಾಲೇಜು ನೋಡದ ಪಾಸ್ಟರ್ ಎಂದು ದೊಡ್ಡ ಸಭೆಯವರು ನಮ್ಮೆದುರೇ ಅನ್ನುತ್ತಾರೆ. ನಮ್ಮಲ್ಲಿ ಕುಡಿತ ಬಿಟ್ಟು ಮನೆ ಉಳಿಸಿಕೊಂಡವರು ಎಷ್ಟೋ ಜನ. ಅವರು ಅನ್ಯಭಾಷೆಯಲ್ಲಿ (ಆತ್ಮದ ಪ್ರೇರಣೆಯಿಂದ ಬರುವ, ಕಲಿಯದ ಮಾತಿನಲ್ಲಿ) ಪ್ರಾರ್ಥಿಸುವುದು ಇವರಿಗೆ ನಗು. ಅದು ಕೂಡ ಒಂದು ತಿದ್ದುವಿಕೆಯೇ. ತುಂಬಾ ಕೆಟ್ಟ ತಿದ್ದುವಿಕೆ.

ಕ್ಯಾತ್ಸಂದ್ರ_ಜಪಸರ | ತುಮಕೂರು

ನಾನು ಕ್ಯಾಥೊಲಿಕ್. ಚರ್ಚ್‌ನಲ್ಲಿ ಮಕ್ಕಳಿಗೆ ಧರ್ಮೋಪದೇಶ ಕಲಿಸುತ್ತೇನೆ. ಬಂಗಾರಪೇಟೆ ತಮ್ಮ ಹೇಳಿದ ಕೊನೆಯ ಮಾತಿಗೆ ನನ್ನ ಒಪ್ಪಿಗೆ ಇದೆ. ಆ ನಗು ನಮ್ಮ ಕಡೆಯಿಂದಲೂ ಬರುತ್ತದೆ, ಬರಬಾರದು.

ಆದರೆ ಸಾವಿನ ಮನೆಯ ವಿಷಯದಲ್ಲಿ ಒಂದು ಸಂಗತಿ ಎಲ್ಲರೂ ತಿಳಿದಿರಬೇಕು. ಆ ಯುವಕ "ವಾಕ್ಯದಲ್ಲಿಲ್ಲ" ಎಂದದ್ದು ಅವನ ಕೈಯಲ್ಲಿದ್ದ 66 ಗ್ರಂಥಗಳ ಬೈಬಲ್ ನೋಡಿ. ಅಲ್ಲಿ ಕೂತಿದ್ದ ಹೆಂಗಸರ ಬೈಬಲ್‌ನಲ್ಲಿ 73 ಗ್ರಂಥಗಳಿವೆ. ಮಕ್ಕಬಿಯರ ಎರಡನೇ ಗ್ರಂಥದ 12ನೇ ಅಧ್ಯಾಯದಲ್ಲಿ ಯೂದ ತನ್ನ ಸತ್ತ ಸೈನಿಕರ ಪಾಪಕ್ಕಾಗಿ ಯೆರೂಸಲೇಮಿಗೆ ಕಾಣಿಕೆ ಕಳುಹಿಸಿ ಪ್ರಾರ್ಥನೆ ಮಾಡಿಸಿದ ಎಂದಿದೆ. ನೀವು ಆ ಗ್ರಂಥವನ್ನು ಒಪ್ಪುವುದಿಲ್ಲ, ಸರಿ. ಆದರೆ ನಾವು ವಾಕ್ಯ ನೋಡದೆ ಮಾಡುತ್ತಿದ್ದೇವೆ ಎನ್ನುವುದು ಸರಿಯಲ್ಲ. ನಮ್ಮ ನಡುವಿನ ಪ್ರಶ್ನೆ ಅದಕ್ಕಿಂತ ಒಂದು ಹೆಜ್ಜೆ ಹಿಂದೆ ಇದೆ. ಯಾವ ಗ್ರಂಥಗಳು ವಾಕ್ಯ ಎನ್ನುವ ಪ್ರಶ್ನೆ ಅದು. ಶವದ ಮುಂದೆ ಒಂದು ವಚನ ಓದಿದರೆ ಅದು ಬಗೆಹರಿಯುತ್ತದಾ?

ಮರಿಯಮ್ಮನ ವಿಷಯವೂ ಇದೇ ಥರ. ನೀವು ಮರಿಯಮ್ಮನನ್ನು ಆರಾಧಿಸುತ್ತೀರಿ ಎಂದು ನನಗೆ ಹೇಳಿದವರು ಬೇಕಾದಷ್ಟು ಜನ. ನೀವು ಏನು ಮಾಡುತ್ತೀರಿ ಎಂದು ಕೇಳಿದವರು ತೀರಾ ಕಡಿಮೆ. ಕೇಳಿದ್ದರೆ ಹೇಳುತ್ತಿದ್ದೆ. ಆರಾಧನೆ ದೇವರೊಬ್ಬರಿಗೇ, ಸಂತರಿಗೆ ಗೌರವ ಮಾತ್ರ ಎಂದು 787ರ ನೈಸಿಯ ಮಹಾಸಭೆಯೇ ಬೇರೆ ಮಾಡಿ ಹೇಳಿದೆ. ನಮೋ ಮರಿಯಾ ಪ್ರಾರ್ಥನೆಯ ಮೊದಲ ಅರ್ಧ ಲೂಕ 1ರಲ್ಲಿ ಗಬ್ರಿಯೇಲ ದೂತ ಮತ್ತು ಎಲಿಜಬೆತಮ್ಮ ಹೇಳಿದ ಮಾತು. ಇಷ್ಟು ಕೇಳಿಸಿಕೊಂಡ ಮೇಲೂ ನಿಮಗೆ ತಪ್ಪೆನಿಸಿದರೆ ಹೇಳಿ, ಕೂತು ಮಾತಾಡೋಣ. ನಮ್ಮವರಲ್ಲಿ ಅತಿ ಮಾಡುವವರು ಇದ್ದಾರೆ, ಅದನ್ನು ನಾನೇ ಮಕ್ಕಳಿಗೆ ಹೇಳುತ್ತೇನೆ. 1964ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಕೂಡ ಮರಿಯಮ್ಮನ ವಿಷಯದಲ್ಲಿ ಅತಿಶಯ ಬೇಡ, ಬೇರೆ ಸಭೆಯ ಸಹೋದರರಿಗೆ ತಪ್ಪು ತಿಳಿವಳಿಕೆ ಆಗುವಂತೆ ನಡೆಯಬೇಡಿ ಎಂದು ಎಚ್ಚರಿಸಿದೆ.

ಗುಬ್ಬಿರೋಡ್_ಯೂತ್

ಇಷ್ಟೆಲ್ಲ ಯಾಕೆ? ಎಲ್ಲರಿಗೂ ಯೇಸು ಒಬ್ಬನೇ. ಸಿದ್ಧಾಂತ ಬಿಟ್ಟು ಪ್ರೀತಿಯಿಂದ ಇದ್ದರೆ ಆಯ್ತು ಅಲ್ವಾ?

ಶಿರಾಗೇಟ್_ಸಿಎಸ್‌ಐ

ತಮ್ಮಾ, ನಿನ್ನ ಮನಸ್ಸು ಒಳ್ಳೆಯದು. ಆದರೆ ಸಿದ್ಧಾಂತ ಬಿಡು ಎಂದರೆ ಕ್ಯಾತ್ಸಂದ್ರ ಮೇಡಂ ಜಪಸರ ಬಿಡಬೇಕು, ಬಂಗಾರಪೇಟೆಯವರು ಮುಳುಗು ದೀಕ್ಷಾಸ್ನಾನ ಬಿಡಬೇಕು, ನಾನು ನನ್ನ ಮಗುವಿಗೆ ಮಾಡಿಸಿದ ದೀಕ್ಷಾಸ್ನಾನವನ್ನು ಲೆಕ್ಕಕ್ಕಿಲ್ಲ ಎನ್ನಬೇಕು. ಯಾರೂ ಬಿಡುವುದಿಲ್ಲ. ಬಿಡಲೂ ಬಾರದು, ಮನಸ್ಸಾರೆ ನಂಬಿದ್ದನ್ನು. ರೋಮಾಪುರದವರಿಗೆ 14ರಲ್ಲಿ ಪೌಲ ಊಟ ಮತ್ತು ಹಬ್ಬದ ದಿನಗಳ ಜಗಳದ ಬಗ್ಗೆ ಬರೆಯುತ್ತಾ, ಪ್ರತಿಯೊಬ್ಬನೂ ತನ್ನ ಮನಸ್ಸಿನಲ್ಲಿ ಪೂರಾ ನಿಶ್ಚಯ ಮಾಡಿಕೊಳ್ಳಲಿ ಎನ್ನುತ್ತಾನೆ. ಭಿನ್ನಾಭಿಪ್ರಾಯ ಇದೆ ಎಂದು ಒಪ್ಪಿಕೊಂಡೇ ಮುಂದಕ್ಕೆ ಹೋಗಬೇಕು.

ಈಗ ಬಂಗಾರಪೇಟೆ ಸಹೋದರರ ಮಾತಿಗೆ ಬರುತ್ತೇನೆ. ಪೌಲ ಪೇತ್ರನನ್ನು ಎಲ್ಲರ ಮುಂದೆ ಎದುರಿಸಿದ್ದು ನಿಜ. ಇದನ್ನು ನಾನು ತುಂಬಾ ಸಲ ಕೇಳಿದ್ದೇನೆ. ಬೇರೆ ಸಭೆಯವರನ್ನು ಬೈಯುವ ಪ್ರತಿ ವೀಡಿಯೊ ಕೆಳಗೂ ಇದೇ ವಚನ ಇರುತ್ತದೆ. ಆದರೆ ಅದರ ಹಿಂದಿನ ಅಧ್ಯಾಯ ಯಾರೂ ಓದುವುದಿಲ್ಲ. ಗಲಾತ್ಯ 1:18ರಲ್ಲಿ ಪೌಲ ಯೆರೂಸಲೇಮಿಗೆ ಹೋಗಿ ಕೇಫನ (ಅಂದರೆ ಪೇತ್ರನ) ಜೊತೆ ಹದಿನೈದು ದಿನ ಇದ್ದ ಎಂದು ಬರೆದಿದ್ದಾನೆ. ಎರಡನೇ ಅಧ್ಯಾಯದಲ್ಲಿ ಹದಿನಾಲ್ಕು ವರ್ಷದ ಮೇಲೆ ಮತ್ತೆ ಹೋಗಿದ್ದಾನೆ, ತಾನು ಸಾರುವುದನ್ನು ಅಲ್ಲಿನ ಮುಖ್ಯರ ಮುಂದೆ ಏಕಾಂತದಲ್ಲಿ ಇಟ್ಟಿದ್ದಾನೆ. ಅವರು ಬಲಗೈ ಕೊಟ್ಟು ಅನ್ಯೋನ್ಯತೆಗೆ ಸೇರಿಸಿಕೊಂಡಿದ್ದಾರೆ. ಅದೆಲ್ಲ ಆದ ಮೇಲೆ ಬರುವುದು ಅಂತಿಯೋಕ್ಯದ ಗದರಿಕೆ.

ಪೇತ್ರ ಮಾಡಿದ ತಪ್ಪಾದರೂ ಏನು? ಅನ್ಯಜನರ ಜೊತೆ ಊಟ ಮಾಡುತ್ತಿದ್ದವನು ಕೆಲವರು ಬಂದರೆಂದು ಹೆದರಿ ಪಂಕ್ತಿ ಬಿಟ್ಟು ಎದ್ದ. ಎಲ್ಲರ ಕಣ್ಣೆದುರು ಆದ ತಪ್ಪು, ಬೇರೆಯವರನ್ನೂ ಎಳೆದುಕೊಂಡು ಹೋದ ತಪ್ಪು. ಪೌಲ ಗದರಿಸಿದ್ದು ಒಟ್ಟಿಗೆ ಕೂತು ಉಣ್ಣುವುದನ್ನು ಉಳಿಸುವುದಕ್ಕೆ.

ಒಬ್ಬರ ಮನೆಯಲ್ಲಿ ಕೂತು, ಅವರು ಏನು ನಂಬುತ್ತಾರೆ ಎಂದು ಅವರ ಬಾಯಲ್ಲೇ ಕೇಳಿದವನಿಗೆ ಮಾತ್ರ ಅವರನ್ನು ತಿದ್ದುವ ಹಕ್ಕು. ನಾನು ಒತ್ತಿ ಹೇಳಬೇಕೆಂದಿರುವುದು ಇದೊಂದೇ. ಆ ಯುವಕ ಅಜ್ಜಿ ಬದುಕಿದ್ದಾಗ ಆ ಮನೆಗೆ ಹೋಗಿ ಒಂದು ಲೋಟ ಕಾಫಿ ಕುಡಿದವನಲ್ಲ.

ಚಿಕ್ಕಬಳ್ಳಾಪುರ_ಮೇಷ್ಟ್ರು

ಚರ್ಚೆ ಒಳ್ಳೆಯ ದಾರಿಯಲ್ಲಿದೆ. ನಮ್ಮ ಮೂರು ಜಿಲ್ಲೆಗಳ ಹಳೆಯ ಸಂಗತಿ ಸ್ವಲ್ಪ ಹೇಳುತ್ತೇನೆ. ಚಿಕ್ಕವರಿಗೆ ಉಪಯೋಗ ಆಗಬಹುದು.

ತುಮಕೂರು, ಗುಬ್ಬಿ ಕಡೆ 19ನೇ ಶತಮಾನದಲ್ಲಿ ಕೆಲಸ ಮಾಡಿದವರು ಇಂಗ್ಲೆಂಡಿನ ವೆಸ್ಲಿಯನ್ ಮಿಷನ್‌ನವರು. ಚಿಕ್ಕಬಳ್ಳಾಪುರ ಲಂಡನ್ ಮಿಷನ್‌ನದ್ದು. ಕೋಲಾರಕ್ಕೆ ಬಂದವರು ಅಮೆರಿಕದ ಮೆಥಡಿಸ್ಟರು. ಇವರಿಗೆಲ್ಲ ಮೊದಲೇ ಕ್ಯಾಥೊಲಿಕರು ಈ ಸೀಮೆಯಲ್ಲಿ ಇದ್ದರು. ಒಂದು ದಿನದಲ್ಲಿ ಬಸ್ಸಿನಲ್ಲಿ ಸುತ್ತಿ ಬರಬಹುದಾದ ಜಾಗದಲ್ಲಿ ಇಷ್ಟು ಬಗೆ. ಬಿಷಪ್ ಬೇಕೋ ಬೇಡವೋ, ಸಭೆಯನ್ನು ಯಾರು ಆಳಬೇಕು ಎನ್ನುವುದರಲ್ಲಿ ಲಂಡನ್ ಮಿಷನ್‌ನವರಿಗೂ ಆಂಗ್ಲಿಕನ್ನರಿಗೂ (ಚರ್ಚ್ ಆಫ್ ಇಂಗ್ಲೆಂಡ್ ಪರಂಪರೆಯವರು) ಬಹಳ ದೂರ.

1919ರ ಮೇ ತಿಂಗಳಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಬೇರೆ ಬೇರೆ ಸಭೆಯ ಕೆಲವು ಸೇವಕರು ಕೂತು, ನಾವು ಒಂದಾಗಬೇಕು ಎಂದು ಹೇಳಿಕೆ ಬರೆದರು. ಅವರಲ್ಲಿ ಬಹುಪಾಲು ನಮ್ಮ ದೇಶದವರೇ. ಮುಂದೆ ನಿಂತವರು ಬಿಷಪ್ ವಿ. ಎಸ್. ಅಜರಯ್ಯ. ಒಂದಾಗಿ ಸಿಎಸ್‌ಐ ಆದದ್ದು ಯಾವಾಗ? 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ. ನಡುವೆ 28 ವರ್ಷ. ಅಷ್ಟೂ ವರ್ಷ ಕಮಿಟಿ ಮೇಲೆ ಕಮಿಟಿ, ಕರಡಿನ ಮೇಲೆ ಕರಡು. ಅಜರಯ್ಯನವರು 1945ರಲ್ಲೇ ತೀರಿಕೊಂಡರು, ಆ ದಿನ ನೋಡಲಿಲ್ಲ.

ದೊಡ್ಡ ಸಿಕ್ಕು ಅಭಿಷೇಕದ್ದು. ಬಿಷಪ್ ಕೈಯಿಟ್ಟು ಅಭಿಷೇಕ ಮಾಡದ ಪಾಸ್ಟರುಗಳು ಕರ್ತನ ಭೋಜನ (ರೊಟ್ಟಿ, ದ್ರಾಕ್ಷಾರಸದ ಸಂಸ್ಕಾರ) ನಡೆಸಬಹುದಾ? ಆಂಗ್ಲಿಕನ್ನರಲ್ಲಿ ಹಲವರು ಆಗದು ಎಂದರು. ಹಾಗಾದರೆ ನಮ್ಮ ತಂದೆ ತಾಯಿಗೆ ಭೋಜನ ಕೊಟ್ಟ ಅಯ್ಯನವರು ಅಯ್ಯನವರೇ ಅಲ್ಲವಾ ಎಂದು ಉಳಿದವರು ಕೇಳಿದರು. ಕೊನೆಗೆ ಆದ ತೀರ್ಮಾನ ನೋಡಿ. ಆಗಿದ್ದ ಎಲ್ಲ ಸೇವಕರನ್ನೂ ಮತ್ತೆ ಅಭಿಷೇಕ ಮಾಡದೆ ಹಾಗೆಯೇ ಒಪ್ಪಿಕೊಂಡರು. ಇನ್ನು ಮುಂದೆ ಆಗುವ ಅಭಿಷೇಕಗಳು ಬಿಷಪ್ ಕೈಯಿಂದ. ಮನಸ್ಸಾಕ್ಷಿಗೆ ಒಗ್ಗದ ಸೇವಕರನ್ನು ಯಾವ ಸಭೆಯ ಮೇಲೂ ಹೇರುವುದಿಲ್ಲ ಎಂದು ಮಾತು ಕೊಟ್ಟರು. ಯಾರ ಹಿಂದಿನ ಸೇವೆಯನ್ನೂ ಸುಳ್ಳು ಮಾಡಲಿಲ್ಲ. ಇನ್ನೊಬ್ಬರನ್ನು ತಿದ್ದಬೇಕೆಂದು ಹೊರಡುವವರು ಈ ಒಂದು ಅಂಶವನ್ನು ಗಮನಿಸಬೇಕು. ಇಷ್ಟು ದಿನ ನೀನು ಮಾಡಿದ್ದೆಲ್ಲ ವ್ಯರ್ಥ ಎಂದು ಶುರು ಮಾಡಿದರೆ ಎದುರಿನವರು ಕಿವಿ ಮುಚ್ಚಿಕೊಳ್ಳುತ್ತಾರೆ.

ಕೋಲಾರದ ಮೆಥಡಿಸ್ಟರು ಆಗ ಸೇರಲಿಲ್ಲ. ಈಗಲೂ ಬೇರೆಯೇ. ಅದರಿಂದ ಅವರು ನಮಗೆ ಶತ್ರುಗಳಾಗಲಿಲ್ಲ.

ಕೋಲಾರ_ನರ್ಸಮ್ಮ

ಮೇಷ್ಟ್ರೇ, ನಾನು ಆ ಸೇರದ ಮೆಥಡಿಸ್ಟರ ಪೈಕಿ. ವಂದನೆ.

ಇಲ್ಲಿ ಎಲ್ಲರೂ ಬೋಧನೆಯ ವ್ಯತ್ಯಾಸ ಹೇಳುತ್ತಿದ್ದೀರಿ. ನನಗೆ ಬೇರೆ ಚಿಂತೆ. ಎಲ್ಲ ಭಿನ್ನಾಭಿಪ್ರಾಯವೂ ಒಂದೇ ತೂಕದ್ದಲ್ಲ. ಮಗುವಿಗೆ ದೀಕ್ಷಾಸ್ನಾನವೋ, ದೊಡ್ಡವರಿಗೆ ಮಾತ್ರವೋ ಎನ್ನುವುದನ್ನು ನಿಧಾನವಾಗಿ ಮಾತಾಡಬಹುದು. ಕ್ಷಯ ಇರುವವರಿಗೆ "ನಂಬಿಕೆ ಇದ್ದರೆ ಮಾತ್ರೆ ಬೇಡ" ಎಂದು ಯಾರಾದರೂ ಹೇಳಿದರೆ ಅದಕ್ಕೆ ನಿಧಾನ ಇಲ್ಲ.

ನಮ್ಮ ಆಸ್ಪತ್ರೆಗೆ ಬರುತ್ತಿದ್ದ ಒಬ್ಬರು ಹಾಗೆ ಮಾತ್ರೆ ಬಿಟ್ಟರು. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು ತಪ್ಪದೆ ಮಾತ್ರೆ ನುಂಗಬೇಕು. ನಡುವೆ ಬಿಟ್ಟರೆ ರೋಗಾಣು ಔಷಧಕ್ಕೆ ಬಗ್ಗದ ಹಾಗೆ ಬಲಿಯಬಹುದು. ಮನೆಯಲ್ಲಿರುವ ಮಕ್ಕಳಿಗೂ ಅದೇ ಹರಡಬಹುದು. ನಾನು ಅವರಿಗೆ ಹೇಳಿದೆ, ಕೇಳಲಿಲ್ಲ. ನಿಮ್ಮ ಸಭೆಯಲ್ಲಿ ನಂಬಿಕೆ ಇಲ್ಲ ಸಿಸ್ಟರ್ ಎಂದರು. ಆಮೇಲೆ ಅವರ ಪಾಸ್ಟರ್ ಹತ್ತಿರವೇ ಹೋದೆ. ಪಾಸ್ಟರ್‌ಗೆ ವಿಷಯವೇ ಗೊತ್ತಿರಲಿಲ್ಲ. ಪ್ರಾರ್ಥನೆಗೆ ಬಂದ ಬೇರೆ ಯಾರೋ ಹೇಳಿದ ಮಾತಂತೆ. ಆ ಪಾಸ್ಟರ್ ನನ್ನ ಜೊತೆ ಅವರ ಮನೆಗೆ ಬಂದರು. ಪೌಲನು ತಿಮೊಥೆಯನ ಹೊಟ್ಟೆನೋವಿಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಹೇಳಿದ್ದು, ತ್ರೊಫಿಮನನ್ನು ಕಾಯಿಲೆಯವನಾಗಿಯೇ ಮಿಲೇತದಲ್ಲಿ ಬಿಟ್ಟು ಬಂದದ್ದು, ಲೂಕ ವೈದ್ಯನಾಗಿದ್ದದ್ದು, ಮೂರನ್ನೂ ಅವರೇ ತೆಗೆದು ಓದಿದರು. ನಾನು ಹೇಳಿದ್ದರೆ ಆಸ್ಪತ್ರೆಯವರ ಮಾತು ಆಗುತ್ತಿತ್ತು. ಅವರ ಪಾಸ್ಟರ್ ಹೇಳಿದ್ದಕ್ಕೆ ವಾಕ್ಯ ಆಯಿತು. ಮಾತ್ರೆ ಮತ್ತೆ ಶುರುವಾಯಿತು.

ಕೋಲಾರದ ಇಟಿಸಿಎಂ ಆಸ್ಪತ್ರೆ, ಚಿಕ್ಕಬಳ್ಳಾಪುರದ ಸಿಎಸ್‌ಐ ಆಸ್ಪತ್ರೆ ಎರಡನ್ನೂ ಕಟ್ಟಿದವರು ಮಿಷನ್‌ನವರು. ಪ್ರಾರ್ಥನೆ ಮಾಡಿಯೇ ಔಷಧ ಕೊಟ್ಟವರು.

ಬಂಗಾರಪೇಟೆ_ವಿಶ್ವಾಸಿ

ಸಿಸ್ಟರ್, ಆ ಪಾಸ್ಟರ್‌ಗಾಗಿ ದೇವರಿಗೆ ಸ್ತೋತ್ರ. ನಮ್ಮ ಸಭೆಗಳಲ್ಲಿ ಎಲ್ಲರೂ ಔಷಧ ಬೇಡ ಅನ್ನುವುದಿಲ್ಲ. ಇದನ್ನು ದಯವಿಟ್ಟು ಎಲ್ಲರೂ ಗಮನಿಸಿ.

ಆದರೆ ಆ ಮಾತು ಹೇಳಿದವರು ಪಾಸ್ಟರೇ ಆಗಿದ್ದರೆ ಏನು ಮಾಡುತ್ತಿದ್ದಿರಿ?

ಕೋಲಾರ_ನರ್ಸಮ್ಮ

ಜೀವದ ವಿಷಯದಲ್ಲಿ ಡಾಕ್ಟರಿಗೂ ಮನೆಯವರಿಗೂ ಅವತ್ತೇ ತಿಳಿಸುತ್ತಿದ್ದೆ ತಮ್ಮಾ. ಯಾರ ಒಪ್ಪಿಗೆಗೂ ಕಾಯುತ್ತಿರಲಿಲ್ಲ. ಮಕ್ಕಳ ಮೇಲೆ ಕೈ ಮಾಡುವುದು, ಹೆಂಗಸರಿಗೆ ತೊಂದರೆ ಕೊಡುವುದು, ದುಡ್ಡು ನುಂಗುವುದು ಇದ್ದರೆ ಪೊಲೀಸರಿಗೆ. ನಮ್ಮದಾಗಲಿ, ನಿಮ್ಮದಾಗಲಿ, ಯಾವ ಸಭೆಯೇ ಆಗಲಿ. ಇಂಥದ್ದಕ್ಕೆ ಸಹೋದರ ಪ್ರೀತಿ ಎಂದು ಮುಚ್ಚಿಡುವವರನ್ನು ನಾನು ಒಪ್ಪುವುದಿಲ್ಲ.

ಕೆಜಿಎಫ್_ಸೊಸೆ

ಎಲ್ಲರೂ ದೊಡ್ಡವರು ಮಾತಾಡುತ್ತಿದ್ದೀರಿ. ನನ್ನದೂ ಒಂದು ಇದೆ.

ನಾನು ಹುಟ್ಟಿದ್ದು ಚಾಂಪಿಯನ್ ರೀಫ್ ಕಡೆ, ಕ್ಯಾಥೊಲಿಕ್ ಮನೆ. 2001ರಲ್ಲಿ ಗಣಿ ಮುಚ್ಚುವ ತನಕ ಅಪ್ಪ ಅಲ್ಲೇ ಕೆಲಸದಲ್ಲಿದ್ದರು. ಲೈನ್ ಮನೆಗಳಲ್ಲಿ ತಮಿಳರು, ತೆಲುಗರು, ಕನ್ನಡದವರು, ಎಲ್ಲ ಸಭೆಯವರು. ನನ್ನನ್ನು ಕೊಟ್ಟಿದ್ದು ಪೆಂಟೆಕೋಸ್ಟ್ ಮನೆಗೆ. ಗಂಡ ಒಳ್ಳೆಯವರು. ಅವರ ಮೇಲೆ ನನ್ನ ದೂರಿಲ್ಲ.

ಮದುವೆ ಆದ ಮೇಲೆ ಓಲೆ ತೆಗಿ, ಬಳೆ ತೆಗಿ, ಹೂ ಮುಡಿಯಬೇಡ ಎಂದು ಶುರುವಾಯಿತು. 1 ಪೇತ್ರ 3:3 ತೋರಿಸಿದರು. ತೆಗೆದೆ. ತವರಿಗೆ ಹೋದರೆ ಅಲ್ಲಿ ಅಕ್ಕಂದಿರು, ಚಿಕ್ಕಮ್ಮ, ನಮ್ಮ ಚರ್ಚಿನ ಹೆಂಗಸರು, ಬರಿ ಕಿವಿಯಲ್ಲಿ ಇರಬಾರದು, ಅವರ ಮಾತು ಕೇಳಬೇಡ ಎಂದು ಬೈದರು. ಹಾಕಿಕೊಂಡೆ. ವಾಪಸ್ ಬಂದಾಗ ಮತ್ತೆ ತೆಗೆದೆ. ಎರಡೂ ಕಡೆಯವರು ನನ್ನನ್ನು ತಿದ್ದುತ್ತಾ ಇದ್ದರು. ಇಬ್ಬರ ಹತ್ತಿರವೂ ವಚನ ಇತ್ತು. ನೀನೇನು ನಂಬುತ್ತೀಯಮ್ಮ ಎಂದು ಒಬ್ಬರೂ ಕೇಳಲಿಲ್ಲ. ಎರಡು ಸಭೆಯ ಜಗಳ ಕೊನೆಗೆ ನಡೆಯುವುದು ಯಾರೋ ಒಬ್ಬಳು ಹೆಣ್ಣುಮಗಳ ಮೈಮೇಲೆ.

ಕೊನೆಗೆ ಕೇಳಿದ್ದು ನಮ್ಮ ಅತ್ತೆ. ಯಾರೂ ಇಲ್ಲದಾಗ, ಅಡುಗೆ ಮನೆಯಲ್ಲಿ. ನಾನು ಹೇಳಿದೆ, ಓಲೆ ಹಾಕಿದರೆ ದೇವರು ಬೇಜಾರು ಮಾಡಿಕೊಳ್ಳುತ್ತಾರೆ ಎಂದು ನನಗೆ ಅನಿಸುವುದಿಲ್ಲ ಅತ್ತೆ, ಆದರೆ ನಿಮ್ಮ ಮನೆಯಲ್ಲಿ ನಿಮಗೆ ನೋವಾಗುವುದು ಬೇಡ ಎಂದು ತೆಗೆದಿದ್ದೇನೆ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ತವರಿಗೆ ಹೋಗುವಾಗ ಹಾಕಿಕೊಂಡು ಹೋಗು, ನಾನು ಏನೂ ಅನ್ನುವುದಿಲ್ಲ ಎಂದರು. ಅವರ ನಂಬಿಕೆ ಬದಲಾಗಿಲ್ಲ. ಅವರು ಈಗಲೂ ಒಡವೆ ಹಾಕುವುದಿಲ್ಲ.

ಕ್ಯಾತ್ಸಂದ್ರ_ಜಪಸರ

ಮಗಳೇ, ನಿಮ್ಮ ಅತ್ತೆಗೆ ನನ್ನ ನಮಸ್ಕಾರ ತಿಳಿಸು. ನಮ್ಮ ಚರ್ಚಿನ ಹೆಂಗಸರು ಬೈದದ್ದು ಕೇಳಿ ಬೇಜಾರಾಯಿತು.

ಶಿರಾಗೇಟ್_ಸಿಎಸ್‌ಐ

ತಂಗಿ, ನೀನು ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್. ಈ ಚರ್ಚೆಗೆ ಇದು ಬೇಕಿತ್ತು.

ನರ್ಸಮ್ಮ ಮತ್ತು ತಂಗಿ ಹೇಳಿದ್ದನ್ನು ಇಟ್ಟುಕೊಂಡು ಮತ್ತಾಯ 18ಕ್ಕೆ ಬರುತ್ತೇನೆ. ಇದು ನನಗೆ ತುಂಬಾ ದಿನದಿಂದ ಕಗ್ಗಂಟು. ಸಹೋದರ ತಪ್ಪು ಮಾಡಿದರೆ ಮೊದಲು ನೀನೂ ಅವನೂ ಇಬ್ಬರೇ ಇರುವಾಗ ಹೇಳು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ಹೇಳು.

ಒಂದೇ ಸಭೆಯವರಾದರೆ ಈ ಮೂರೂ ಹೆಜ್ಜೆ ಇಡಬಹುದು. ನಮ್ಮಲ್ಲಿ ಪಾಸ್ಟರೇಟ್ ಕಮಿಟಿ ಇದೆ, ಡಯಾಸಿಸ್ ಇದೆ. ಕ್ಯಾಥೊಲಿಕರಿಗೆ ಫಾದರ್, ಅವರ ಮೇಲೆ ಬೆಂಗಳೂರಿನ ಆರ್ಚ್‌ಬಿಷಪ್. ಆದರೆ ನಾನು ಸಿಎಸ್‌ಐ, ನೀವು ಪೆಂಟೆಕೋಸ್ಟ್ ಆದಾಗ "ಸಭೆಗೆ ಹೇಳು" ಎಂದರೆ ಯಾವ ಸಭೆಗೆ? ಇಬ್ಬರೂ ತಲೆಬಾಗುವ ಒಂದು ಕಟ್ಟೆ ಇಲ್ಲ. ಆ ಮೂರನೇ ಹೆಜ್ಜೆ ಇಲ್ಲದೆ ಇರುವುದರಿಂದಲೇ ಜನ ಅದನ್ನು ವಾಟ್ಸ್‌ಆ್ಯಪ್‌ನಲ್ಲಿ, ಯೂಟ್ಯೂಬ್‌ನಲ್ಲಿ ಇಡುತ್ತಾರೆ. ಊರಿಗೆಲ್ಲ ಹೇಳಿದರೆ ಸಭೆಗೆ ಹೇಳಿದ ಹಾಗಾಯಿತು ಎಂದುಕೊಳ್ಳುತ್ತಾರೆ. ಹಾಗಲ್ಲ. ಸಭೆ ಎಂದರೆ ತಪ್ಪು ಮಾಡಿದವನನ್ನು ಗುರುತಿಸುವವರು, ಅವನು ತಿರುಗಿ ಬಂದರೆ ಬಾಗಿಲು ತೆರೆಯುವವರು. ವೀಡಿಯೊ ನೋಡುವ ಸಾವಿರ ಜನಕ್ಕೆ ಅವನು ಯಾರೆಂದೇ ಗೊತ್ತಿಲ್ಲ. ಅವರು ಯಾವ ಬಾಗಿಲು ತೆರೆಯುತ್ತಾರೆ?

ಹಾಗಾಗಿ ಬೇರೆ ಸಭೆಯವರ ನಡುವೆ ಮೊದಲ ಎರಡು ಹೆಜ್ಜೆಯನ್ನೇ ಗಟ್ಟಿ ಮಾಡಿಕೊಳ್ಳಬೇಕು. ಎರಡನೇ ಹೆಜ್ಜೆಯಲ್ಲಿ ಕರೆದುಕೊಂಡು ಹೋಗುವವರು ನಮ್ಮ ಕಡೆಯವರಾಗಿರಬಾರದು. ಅವರ ಸಭೆಯವರೇ, ಅವರು ಗೌರವಿಸುವವರೇ ಆಗಿರಬೇಕು. ನರ್ಸಮ್ಮ ಮಾಡಿದ್ದು ಇದನ್ನೇ. ನಾವು ಸಾಮಾನ್ಯವಾಗಿ ಮಾಡುವುದು ಇದಕ್ಕೆ ಉಲ್ಟಾ. ನಮ್ಮವರನ್ನೇ ಜಾಸ್ತಿ ಕಟ್ಟಿಕೊಂಡು ಹೋಗಿ ಒಬ್ಬನನ್ನು ಸುತ್ತುವರಿಯುತ್ತೇವೆ. ಆ ಒಬ್ಬ ಹಿರಿಯರಾಗಿದ್ದರಂತೂ ಇನ್ನೂ ಎಚ್ಚರ ಬೇಕು. 1 ತಿಮೊಥೆಯ 5:1ರಲ್ಲಿ ಹಿರಿಯರನ್ನು ಗದರಿಸಬೇಡ, ತಂದೆಗೆ ಹೇಳುವಂತೆ ಹೇಳು ಎಂದಿದೆ. ಅಲ್ಲಿ ಸ್ವಂತ ಸಭೆಯ ಹಿರಿಯರು ಮಾತ್ರ ಎಂದು ನಾನು ಓದಿಕೊಳ್ಳುವುದಿಲ್ಲ.

ಬಂಗಾರಪೇಟೆ_ವಿಶ್ವಾಸಿ

ಅಣ್ಣ, ಎರಡನೇ ಹೆಜ್ಜೆಯ ಮಾತು ನನಗೆ ಹಿಡಿಸಿತು. ಕೆಜಿಎಫ್ ಸಿಸ್ಟರ್ ಬರೆದದ್ದನ್ನು ನನ್ನ ಹೆಂಡತಿಗೂ ಓದಿ ಹೇಳಿದೆ.

ದೀಕ್ಷಾಸ್ನಾನದ ಬಗ್ಗೆ ಒಂದು ಮಾತು ಹೇಳಲೇಬೇಕು. ನಾವು ಎರಡನೇ ಸಲ ಕೊಡುತ್ತೇವೆ ಎಂದು ಸಿಎಸ್‌ಐ, ಕ್ಯಾಥೊಲಿಕ್, ಮೆಥಡಿಸ್ಟ್ ಎಲ್ಲರೂ ಬೇಸರ ಮಾಡಿಕೊಳ್ಳುತ್ತೀರಿ. ನಮ್ಮ ಲೆಕ್ಕದಲ್ಲಿ ಅದು ಎರಡನೆಯದಲ್ಲ. ಸ್ವಂತ ನಂಬಿಕೆಯಿಂದ ಕೇಳಿ ತೆಗೆದುಕೊಂಡದ್ದೇ ಮೊದಲನೆಯದು. ನಿಮ್ಮ ಅಪ್ಪ ಅಮ್ಮನ ನಂಬಿಕೆಯನ್ನು ಅವಮಾನ ಮಾಡುವುದಕ್ಕೆ ನಾವು ನೀರಿಗೆ ಇಳಿಸುವುದಿಲ್ಲ. ಇದನ್ನೂ ಯಾರಾದರೂ ನಮ್ಮ ಬಾಯಲ್ಲೇ ಕೇಳಬೇಕು.

ಚಿಕ್ಕಬಳ್ಳಾಪುರ_ಮೇಷ್ಟ್ರು

ಈ ವಿವರಣೆ ನ್ಯಾಯವಾದದ್ದು. ನಮ್ಮ ಕಡೆಯ ಮಾತೂ ಕೇಳಿ. ಮಗುವಾಗಿದ್ದಾಗ ದೇವರು ನಮ್ಮನ್ನು ಹಿಡಿದುಕೊಂಡರು ಎಂದು ನಾವು ನಂಬುತ್ತೇವೆ. ಅದನ್ನು ಲೆಕ್ಕಕ್ಕಿಲ್ಲ ಎಂದಾಗ ನಮಗೆ ನೋವಾಗುವುದು ಅಲ್ಲಿ. ತ್ರಯೇಕ ದೇವರ ನಾಮದಲ್ಲಿ ನೀರಿನಿಂದ ಆದ ದೀಕ್ಷಾಸ್ನಾನವನ್ನು ಕ್ಯಾಥೊಲಿಕರು ಬೇರೆ ಸಭೆಯದ್ದಾದರೂ ಮಾನ್ಯ ಮಾಡುತ್ತಾರೆ. 1982ರಲ್ಲಿ ಪೆರು ದೇಶದ ಲಿಮಾದಲ್ಲಿ ಅನೇಕ ಸಭೆಗಳವರು ಕೂತು ಈ ವಿಷಯದಲ್ಲಿ ಎಷ್ಟು ಒಪ್ಪಬಹುದು ಎಂದು ಬರೆದರು. ಪೂರ್ತಿ ಬಗೆಹರಿಯಲಿಲ್ಲ.

ಬಗೆಹರಿಯದೆ ಉಳಿದರೂ ಏನು ಮಾಡಬಹುದು ಎನ್ನುವುದಕ್ಕೆ ಎರಡು ಸಂಗತಿ ಹೇಳಿ ನಿಲ್ಲಿಸುತ್ತೇನೆ. 1529ರಲ್ಲಿ ಮಾರ್ಬುರ್ಗ್‌ನಲ್ಲಿ ಪ್ರೊಟೆಸ್ಟಂಟ್ ಸುಧಾರಕರಾದ ಲೂಥರ್ ಮತ್ತು ಜ್ವಿಂಗ್ಲಿ ಹದಿನೈದು ವಿಷಯಗಳಲ್ಲಿ ಹದಿನಾಲ್ಕನ್ನು ಒಪ್ಪಿದರು. ಕರ್ತನ ಭೋಜನದಲ್ಲಿ ಕ್ರಿಸ್ತನು ಹೇಗೆ ಇರುತ್ತಾನೆ ಎನ್ನುವ ಒಂದರಲ್ಲಿ ಒಪ್ಪಲಿಲ್ಲ, ದೂರವಾದರು. ಹದಿನಾಲ್ಕು ಮರೆತುಹೋಯಿತು, ಒಂದು ಉಳಿಯಿತು. ಇನ್ನೊಂದು ಮೆಥಡಿಸ್ಟ್ ಚಳವಳಿ ಕಟ್ಟಿದ ಬೋಧಕರಾದ ವೆಸ್ಲಿ ಮತ್ತು ವೈಟ್‌ಫೀಲ್ಡ್ ಅವರದ್ದು. ದೇವರು ಕೆಲವರನ್ನು ಮೊದಲೇ ಆರಿಸಿಕೊಂಡಿದ್ದಾರಾ ಎನ್ನುವುದರ ಮೇಲೆ ಇಬ್ಬರೂ ಬಹಿರಂಗವಾಗಿ ಜಗಳವಾಡಿದರು, ಒಬ್ಬರ ವಿರುದ್ಧ ಒಬ್ಬರು ಅಚ್ಚು ಹಾಕಿಸಿದರು. ಆಮೇಲೆ ಮತ್ತೆ ಹತ್ತಿರವಾದರು, ಅಭಿಪ್ರಾಯ ಮಾತ್ರ ಬದಲಾಗಲಿಲ್ಲ. 1770ರಲ್ಲಿ ವೈಟ್‌ಫೀಲ್ಡ್ ತೀರಿಕೊಂಡಾಗ, ಅವರದೇ ಇಷ್ಟದಂತೆ ಲಂಡನ್ನಿನಲ್ಲಿ ಅಂತ್ಯಪ್ರಸಂಗ ಮಾಡಿದವರು ವೆಸ್ಲಿ. ತುಮಕೂರಿಗೂ ಕೋಲಾರಕ್ಕೂ ಬಂದದ್ದು ಆ ವೆಸ್ಲಿಯ ಪರಂಪರೆಯೇ.

ಬಂಗಾರಪೇಟೆ_ವಿಶ್ವಾಸಿ

ಕ್ಯಾತ್ಸಂದ್ರ ಮೇಡಂ, ನಿಮ್ಮನ್ನು ಒಂದು ಪ್ರಶ್ನೆ ಕೇಳುತ್ತೇನೆ. ವಾದಕ್ಕಲ್ಲ. ಸತ್ತವರಿಗಾಗಿ ಪ್ರಾರ್ಥಿಸುವಾಗ ನೀವು ದೇವರ ಹತ್ತಿರ ಏನು ಕೇಳುತ್ತೀರಿ? ಕ್ರಿಸ್ತನ ರಕ್ತ ಸಾಲದು ಎಂದಾ?

ಕ್ಯಾತ್ಸಂದ್ರ_ಜಪಸರ

ಅಯ್ಯೋ, ಹಾಗಲ್ಲ ತಮ್ಮಾ. ಸಾಲದು ಎಂದು ನಾವು ಯಾವತ್ತೂ ಹೇಳುವುದಿಲ್ಲ. ಕ್ರಿಸ್ತನ ಕೃಪೆಯಲ್ಲೇ ತೀರಿಕೊಂಡವರು ದೇವರ ಮುಂದೆ ನಿಲ್ಲುವ ಮೊದಲು ಪೂರ್ತಿ ಶುದ್ಧರಾಗುತ್ತಾರೆ ಎಂದು ನಂಬುತ್ತೇವೆ. ಆ ಶುದ್ಧಿಯನ್ನು ಮಾಡುವವರೂ ಕ್ರಿಸ್ತನೇ. ಅವರಿಗೆ ನಿತ್ಯ ವಿಶ್ರಾಂತಿ ಕೊಡು ಎಂದು ಕೇಳುತ್ತೇವೆ. ಬದುಕಿದ್ದಾಗ ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸಿದ್ದನ್ನು ಸಾವು ನಿಲ್ಲಿಸುವುದಿಲ್ಲ ಎಂದು ನಮ್ಮ ನಂಬಿಕೆ. ನರಕಕ್ಕೆ ಹೋದವರನ್ನು ಎಳೆದು ತರುವ ಪ್ರಾರ್ಥನೆ ಅಲ್ಲ ಅದು.

ಬಂಗಾರಪೇಟೆ_ವಿಶ್ವಾಸಿ

ಇದು ನನಗೆ ಗೊತ್ತಿರಲಿಲ್ಲ. ಬೇರೆಯೇ ಕೇಳಿದ್ದೆ. ಆದರೂ ನಾನು ಒಪ್ಪುವುದಿಲ್ಲ ಮೇಡಂ. ಶಿಲುಬೆಯ ಮೇಲಿದ್ದ ಕಳ್ಳನಿಗೆ ಯೇಸು "ಈ ಹೊತ್ತೇ ನನ್ನ ಸಂಗಡ ಪರದೈಸಿನಲ್ಲಿರುವೆ" ಎಂದ. ನನಗೆ ಅಷ್ಟು ಸಾಕು.

ಕ್ಯಾತ್ಸಂದ್ರ_ಜಪಸರ

ಒಪ್ಪದಿದ್ದರೆ ಬೇಡ. ನವೆಂಬರ್ 2 ಸತ್ತವರ ಸ್ಮರಣೆಯ ದಿನ. ಸ್ಮಶಾನದಲ್ಲಿ ಸಮಾಧಿಗಳನ್ನು ಆಶೀರ್ವದಿಸುತ್ತಾರೆ, ಹೂ ಇಟ್ಟು ಮೇಣದಬತ್ತಿ ಹಚ್ಚುತ್ತೇವೆ. ಆಗಬಹುದಾದರೆ ನೀವೂ ನಿಮ್ಮ ಹೆಂಡತಿಯೂ ಬಂದು ನೋಡಿ. ಆಮೇಲೆ ನಮ್ಮ ಮನೆಯಲ್ಲಿ ಊಟ.

ಬಂಗಾರಪೇಟೆ_ವಿಶ್ವಾಸಿ

ಬರುತ್ತೇವೆ ಮೇಡಂ. ಸಮಾಧಿ ಹತ್ತಿರ ನಿಲ್ಲುತ್ತೇನೆ, ಆದರೆ ಆ ಪ್ರಾರ್ಥನೆಗೆ ಆಮೆನ್ ಹೇಳುವುದಿಲ್ಲ. ಊಟಕ್ಕೆ ಮೊದಲು ಪ್ರಾರ್ಥನೆ ಬೇಕಾದರೆ ನಾನು ಮಾಡುತ್ತೇನೆ. ಬೇಜಾರಿಲ್ಲ ತಾನೇ?

ಕ್ಯಾತ್ಸಂದ್ರ_ಜಪಸರ

ಬೇಜಾರು ಯಾಕೆ? ಆಮೆನ್ ಹೇಳಬೇಡಿ. ಶಿರಾ ಗೇಟ್ ಅಣ್ಣ, ನೀವೂ ಆ ಅಜ್ಜಿಯ ಮಗಳನ್ನು ಕರೆದುಕೊಂಡು ಬನ್ನಿ. ಆ ಯುವಕನ ಸಭೆಯ ಹಿರಿಯರು ಯಾರಾದರೂ ನಿಮಗೆ ಪರಿಚಯ ಇದ್ದರೆ ಅವರಿಗೂ ಒಂದು ಮಾತು ಹೇಳಿ.